ಹೆದರಿಕೆಯ ಡೇರೆ, ಬೀಗದ ಕೋಣೆ

ಹೆದರಿಕೆಯನ್ನು ಹಣ ತೆತ್ತು ಕೊಳ್ಳುವ ಜೀವಿ ಜಗತ್ತಿನಲ್ಲಿ ಮನುಷ್ಯನೊಬ್ಬನೇ ಇರಬೇಕು. ಹುಲಿಯ ವಾಸನೆ ಹಿಡಿದ ಜಿಂಕೆ ಓಡಿ ಪ್ರಾಣ ಉಳಿಸಿಕೊಳ್ಳುತ್ತದೆಯಲ್ಲದೆ, ಉಳಿದ ಮೇಲೆ ಆ ವಾಸನೆಯನ್ನೇ ಅರಸಿಕೊಂಡು ಅದೇ ಪೊದೆಯ ಬಳಿಗೆ ಮರಳುವುದಿಲ್ಲ. ಮನುಷ್ಯನ ರೀತಿಯೇ ಬೇರೆ. ಬಾದಾಮಿಯ ಬಳಿ ಚೊಳಚಗುಡ್ಡದ ಬನಶಂಕರಿಯಲ್ಲಿ, ಪುಷ್ಯಮಾಸದ ಬನದ ಹುಣ್ಣಿಮೆಯಂದು ತೇರೆಳೆದು, ದೇವಿಯ ದರ್ಶನ ಮಾಡಿ, ಹರಿದ್ರಾತೀರ್ಥದ ಕಟ್ಟೆಯ ಮೇಲೆ ಕುಳಿತು, ಬುಟ್ಟಿ ಹೊತ್ತು ಬಂದ ಮುದುಕಿಯಿಂದ ಕೊಂಡ ರೊಟ್ಟಿ, ಕಾಳುಪಲ್ಲೆ, ಕೆಂಪು ಖಾರ, ಕೆನೆಮೊಸರುಗಳನ್ನು ತೃಪ್ತಿಯಾಗಿ ಉಂಡು, ಇನ್ನೇನು ನಾಟಕದ ಥೇಟರಿನ ಕಡೆಗೆ ಹೊರಡಬೇಕೆಂದಿರುವ ಸಂಸಾರಸ್ಥನು, ದಾರಿಯಲ್ಲಿ ಕೆಂಡಗಣ್ಣು ಕೋರೆಹಲ್ಲುಗಳ ಚಿತ್ರ ಬರೆದ ಹಲಗೆಯೊಂದನ್ನು ಕಂಡು, ಹೆಂಡತಿ ಬೇಡವೆನ್ನುತ್ತಿದ್ದರೂ, ಮಗಳು ಅಂಗಿ ಹಿಡಿದು ಜಗ್ಗುತ್ತಿದ್ದರೂ, ಚೀಟಿ ಕೊಂಡು ಕತ್ತಲೆಯೊಳಕ್ಕೆ ತಲೆ ಹಾಕುತ್ತಾನೆ.

ಇಂಥ ಕತ್ತಲೆಗಳ ಬೆನ್ನು ಹತ್ತಿ ಅಲೆಯುವವರಲ್ಲಿ ನಾನೂ ಒಬ್ಬನು. ಜಾತ್ರೆಯ ಭೂತಬಂಗಲೆಯಿಂದ ಹಿಡಿದು ಬೆಂಗಳೂರಿನವರು ‘ಎಸ್ಕೇಪ್ ರೂಮ್’ ಎಂದು ಕರೆಯುವ ಬೀಗದ ಕೋಣೆಯವರೆಗೆ, ಹೆದರಿಸುವೆವೆಂದೋ ಕೂಡಿಹಾಕುವೆವೆಂದೋ ಹಲಗೆ ಬರೆಸಿ ತೂಗುಹಾಕಿದವರು ಎಲ್ಲಿದ್ದರೂ ಅಲ್ಲಿಗೆ ಹೋಗಿ ನೋಡದೆ ನನಗೆ ಸಮಾಧಾನವಾಗದು. ಇದು ವಯಸ್ಸಿಗೆ ತಕ್ಕ ಹವ್ಯಾಸವಲ್ಲವೆಂದು ಮನೆಯವರು ಆಕ್ಷೇಪಿಸಿದ್ದುಂಟು. ಅವರ ಆಕ್ಷೇಪದಲ್ಲಿ ನ್ಯಾಯವಿಲ್ಲದೆಯೂ ಇಲ್ಲ. ಆದರೆ ಹೀಗೆ ಅಲೆದದ್ದರಿಂದ ಒಂದು ಸಂಗತಿ ನನಗೆ ದೃಢವಾಗಿದೆ: ಈ ಬಗೆಯ ವಿನೋದಗಳಲ್ಲಿ ಒಳಬಾಗಿಲಿಗಿಂತ ಹೊರಬಾಗಿಲೇ ಹಿರಿದು. ಭಯವು ರಸವಾಗಿ ಪರಿಣಮಿಸುವುದೂ, ಬರಿಯ ಭಯವಾಗಿಯೇ ಉಳಿದು ಮನುಷ್ಯನನ್ನು ಕೆಡಿಸುವುದೂ, ಆ ಬಾಗಿಲು ತೆರೆದೀತೆಂಬ ಭರವಸೆಯನ್ನು ಅವಲಂಬಿಸಿದೆ. ಈ ವಿಚಾರವನ್ನು ಪರೀಕ್ಷಿಸಿ ನೋಡುವುದಕ್ಕೆ ನಮ್ಮ ಬಾಗಲಕೋಟೆ ಜಿಲ್ಲೆಗಿಂತ ಒಳ್ಳೆಯ ಸ್ಥಳ ನನಗೆ ಬೇರೆ ತೋರಲಿಲ್ಲ.

ಬನಶಂಕರಿಯ ಜಾತ್ರೆ ಒಂದು ದಿನದ್ದಲ್ಲ. ದೇವಿಗೆ ನೂರೆಂಟು ಬಗೆಯ ಕಾಯಿಪಲ್ಲೆಗಳನ್ನು ಅರ್ಪಿಸುವ ಪಲ್ಲೇದ ಹಬ್ಬ ಮುಗಿದು, ರಥೋತ್ಸವವೂ ಮುಗಿದ ಮೇಲೆಯೇ ಅದರ ಲೌಕಿಕಭಾಗ ರಂಗೇರುವುದು. ಸುಮಾರು ಒಂದು ತಿಂಗಳ ಪರ್ಯಂತ ಹಲವು ನಾಟಕ ಕಂಪನಿಗಳು ಏಕಕಾಲದಲ್ಲಿ ಬೀಡುಬಿಟ್ಟು, ಇರುಳಿಡೀ ಆಟವಾಡುತ್ತವೆ. ಅವುಗಳ ಪಕ್ಕದಲ್ಲಿಯೇ ತೊಟ್ಟಿಲು, ಜಾದೂ, ಮರದ ಬಾವಿಯ ಗೋಡೆಯ ಮೇಲೆ ಮೋಟಾರು ಸೈಕಲ್ಲು ಸುತ್ತುವ ಮೃತ್ಯುಕೂಪ, ಇವೆಲ್ಲವುಗಳ ಕೊನೆಯಲ್ಲಿ, ಬೆಳಕು ಕಡಮೆಯಿರುವ ಮೂಲೆಯಲ್ಲಿ, ದೆವ್ವದ ಡೇರೆ. ಕತ್ತಲೆಯನ್ನು ಮಾರುವವನಿಗೆ ಬೆಳಕಿನ ನಡುವಣ ಜಾಗ ಬೇಕಾಗಿಯೂ ಇಲ್ಲ.

ಹೊರಗಿನಿಂದ ವಿಸ್ತಾರವಾಗಿ ಕಾಣುವ ಆ ಡೇರೆಯ ಒಳಗುಟ್ಟು ಇಷ್ಟೇ: ಗಳಗಳಿಗೆ ಬಿಗಿದ ಕಪ್ಪು ಬಟ್ಟೆಯ ಎರಡು ಗೋಡೆಗಳ ನಡುವೆ ಒಬ್ಬನೇ ಹೋಗಬಹುದಾದ ಒಂದು ಓಣಿ, ಮೂರು ಹೆಜ್ಜೆಗೊಮ್ಮೆ ತಿರುಗುತ್ತ ತಿರುಗುತ್ತ, ಅಂಗೈಯಗಲದ ಜಾಗದಲ್ಲಿಯೇ ಬಹುದೂರ ನಡೆದಂತೆ ಭ್ರಮೆ ಹುಟ್ಟಿಸುತ್ತದೆ. ತಿರುವಿನಲ್ಲಿ ತಿರುವಿನಾಚೆಯದು ಕಾಣಬಾರದೆಂಬುದು ಈ ಶಿಲ್ಪದ ಮೂಲಸೂತ್ರ. ಒಂದೆಡೆ ನೆಲದ ಹಲಗೆಯ ಕೆಳಗೆ ಸ್ಪಂಜನ್ನು ತುಂಬಿರುವುದರಿಂದ ಕಾಲು ಕುಸಿದಂತಾಗುತ್ತದೆ. ಇನ್ನೊಂದೆಡೆ ಸೈಕಲ್ಲಿನ ಬ್ರೇಕಿನ ತಂತಿಗೆ ಕಟ್ಟಿದ ಅಸ್ಥಿಪಂಜರ, ಬಟ್ಟೆಯ ಹಿಂದೆ ಕುಳಿತವನು ಎಳೆದಾಗ, ಕಟಕಟನೆ ಮುಂದಕ್ಕೆ ಬಾಗುತ್ತದೆ. ಆದರೆ ಅಲ್ಲಿ ನಿಜವಾಗಿ ಜನರನ್ನು ಕೂಗಿಸುವ ವಸ್ತು ಅಸ್ಥಿಪಂಜರವೂ ಅಲ್ಲ, ಮುಖವಾಡವೂ ಅಲ್ಲ. ಮೇಲಿನಿಂದ ಇಳಿಬಿಟ್ಟ, ನೀರಿನಲ್ಲಿ ಅದ್ದಿದ, ಕಣ್ಣಿಗೆ ಕಾಣದ ಕೆಲವು ನೂಲಿನ ಎಳೆಗಳು. ಮುಖಕ್ಕೆ ಅವು ತಾಕಿದ ಕ್ಷಣದಲ್ಲಿ ಮನಸ್ಸು ಏನನ್ನು ಕಲ್ಪಿಸಿಕೊಳ್ಳುವುದೋ ಅದನ್ನು ಯಾವ ಚಿತ್ರಕಾರನೂ ಬರೆಯಲಾರ.

ಎರಡು ತಂಡಗಳ ನಡುವಣ ಬಿಡುವಿನಲ್ಲಿ ಮುಖವಾಡವನ್ನು ಹಣೆಯ ಮೇಲಕ್ಕೆ ಸರಿಸಿಕೊಂಡು, ಕಾಗದದ ಪೊಟ್ಟಣದಿಂದ ಗಿರ್ಮಿಟ್ ತಿನ್ನುತ್ತಿದ್ದ ತರುಣ ದೆವ್ವವೊಂದನ್ನು ನಾನು ಮಾತನಾಡಿಸಿದ್ದುಂಟು. ಯಾರು ಹೆಚ್ಚು ಹೆದರುತ್ತಾರೆಂದು ಕೇಳಿದರೆ, “ಹುಡುಗ್ರು ನಗತಾವ್ರಿ ಕಾಕಾ, ಮೀಸಿ ಇದ್ದಾವ್ರ ಭಾಳ ಅಂಜತಾರ” ಎಂದು ಉತ್ತರ ಕೊಟ್ಟು, ಮುಂದಿನ ತಂಡದ ಕಾಲ್ಸಪ್ಪಳ ಕೇಳಿದೊಡನೆ ಪೊಟ್ಟಣವನ್ನು ಮಡಿಸಿ ಜೇಬಿಗಿಟ್ಟು ಮತ್ತೆ ದೆವ್ವವಾದನು.

ಕೆಲವು ಜಾತ್ರೆಗಳಲ್ಲಿ ಇದರ ಮಗ್ಗುಲಿಗೆ ‘ನಾಗಕನ್ಯೆ’ಯ ಡೇರೆಯೂ ಇರುತ್ತದೆ: ಮೇಜಿನ ಮೇಲೆ ಹಾವಿನ ಸುರುಳಿ, ಸುರುಳಿಯ ತುದಿಯಲ್ಲಿ ಹುಡುಗಿಯ ಮುಖ, ಆ ಮುಖ ಕಣ್ಣು ಮಿಟುಕಿಸಿ, ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತದೆ. ಹುಡುಗಿಯ ದೇಹವೆಲ್ಲಿ? ಮೇಜಿನ ಕಾಲುಗಳ ನಡುವೆ ಓರೆಯಾಗಿ ನಿಲ್ಲಿಸಿದ ಕನ್ನಡಿಗಳ ಹಿಂದೆ. ಆ ಕನ್ನಡಿಗಳು ಅಕ್ಕಪಕ್ಕದ ಪರದೆಯನ್ನು ಪ್ರತಿಬಿಂಬಿಸುವುದರಿಂದ, ನೋಡುವವನು ಮೇಜಿನಡಿಯಿಂದ ಹಿಂದಿನ ಪರದೆಯನ್ನೇ ಕಾಣುತ್ತಿರುವೆನೆಂದು ತಿಳಿಯುತ್ತಾನೆ. 1865ರಲ್ಲಿ ಲಂಡನ್ನಿನ ಈಜಿಪ್ಷಿಯನ್ ಹಾಲಿನಲ್ಲಿ ಕರ್ನಲ್ ಸ್ಟೊಡೇರ್ ಎಂಬ ಐಂದ್ರಜಾಲಿಕನು ಮೂರು ಕಾಲಿನ ಮೇಜಿನ ಮೇಲೆ ಪೆಟ್ಟಿಗೆಯಿಟ್ಟು, ಅದರೊಳಗಿಂದ ಮಾತನಾಡುವ ಸ್ಫಿಂಕ್ಸಿನ ತಲೆಯನ್ನು ತೋರಿಸಿ ಆ ನಗರವನ್ನೇ ಬೆರಗುಗೊಳಿಸಿದ್ದು ಇದೇ ಉಪಾಯದಿಂದ. ಸಮುದ್ರ ದಾಟಿ ಬಂದ ಆ ಮೇಜು ನಮ್ಮ ಸೀಮೆಯಲ್ಲಿ ಸ್ಫಿಂಕ್ಸಿನ ತಲೆಯನ್ನು ಇಳಿಸಿ ನಾಗಕನ್ಯೆಯನ್ನು ಏರಿಸಿಕೊಂಡಿತು.

ಯೂರೋಪಿನಲ್ಲಿ ಈ ವ್ಯಾಪಾರಕ್ಕೆ ಇನ್ನೂ ಹಿಂದಿನ ಚರಿತ್ರೆಯುಂಟು. ಲಿಯೇಜ್ ನಗರದ ಎಟಿಯೆನ್ ಗಸ್ಪಾರ್ ರೊಬೇರ್ ಎಂಬಾತನು, ಫ್ರಾನ್ಸಿನ ಮಹಾಕ್ರಾಂತಿಯ ರಕ್ತ ಇನ್ನೂ ಆರದಿದ್ದ 1798ರ ಪ್ಯಾರಿಸ್ಸಿನಲ್ಲಿ, ಚಕ್ರಗಳ ಮೇಲೆ ಕೂರಿಸಿದ ಮಾಯಾದೀಪವನ್ನು ಪರದೆಯ ಹಿಂದೆ ಸದ್ದಿಲ್ಲದೆ ಮುಂದೆ ಹಿಂದೆ ಉರುಳಿಸಿ, ಪ್ರೇತಗಳು ಸಭಿಕರ ಮೇಲೆಯೇ ಎರಗಿ ಬರುವಂತೆ ತೋರಿಸಿದನು. ಮರುವರ್ಷ ಪಾಳುಬಿದ್ದ ಸಂನ್ಯಾಸಿಗಳ ಮಠವೊಂದನ್ನೇ ಪ್ರದರ್ಶನಕ್ಕೆ ಹಿಡಿದನೆಂದರೆ ಆತನ ವ್ಯವಹಾರಜ್ಞಾನ ಎಂಥದೆಂದು ಊಹಿಸಬಹುದು. 1862ರ ಕ್ರಿಸ್ಮಸ್ಸಿನ ಹಿಂದಿನ ದಿನ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್ಕಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ಎಂಬವನು ರಂಗದ ಮೇಲೆ ದೊಡ್ಡದೊಂದು ಗಾಜನ್ನು ಓರೆಯಾಗಿ ನಿಲ್ಲಿಸಿ, ಕೆಳಗಡೆ ಮರೆಯಲ್ಲಿದ್ದ ನಟನ ಮೇಲೆ ಬೆಳಕು ಚೆಲ್ಲಿ, ಅವನ ಬಿಂಬವನ್ನು ಪಾರದರ್ಶಕ ಪ್ರೇತವಾಗಿ ಎಬ್ಬಿಸಿದನು. 1969ರಲ್ಲಿ ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡಿನಲ್ಲಿ ತೆರೆದ ಭೂತಭವನದ ನೃತ್ಯಶಾಲೆಯಲ್ಲಿ ಕುಣಿಯುವ ದೆವ್ವಗಳೂ ಆ ಗಾಜಿನ ಸಂತಾನವೇ. ನಮ್ಮ ನಾಡಿನಲ್ಲಿ, ಬಿಡದಿಯ ಬಳಿಯ ಇನೊವೇಟಿವ್ ಫಿಲ್ಮ್ ಸಿಟಿಯಲ್ಲಿಯೂ ಒಂದು ಭೂತಭವನವಿತ್ತು.

ಪಶ್ಚಿಮದವರು ಇದಕ್ಕೆಲ್ಲ ಅಕ್ಟೋಬರ್ 31ರ ಹ್ಯಾಲೊವೀನ್ ಇರುಳನ್ನು ಪರ್ವಕಾಲವಾಗಿ ಗೊತ್ತುಮಾಡಿಕೊಂಡಿದ್ದಾರೆ. ಸುಗ್ಗಿ ಮುಗಿದು ಚಳಿ ಕಾಲಿಡುವ ಸಂಧಿಯಲ್ಲಿ ಸತ್ತವರು ಮರಳುವರೆಂಬ ಕೆಲ್ಟರ ನಂಬಿಕೆಯಿಂದ ಮೊದಲಾದದ್ದು, ಐರ್ಲೆಂಡಿನ ಬಡವರೊಡನೆ ಅಮೆರಿಕಕ್ಕೆ ಹೋಗಿ, ಮಕ್ಕಳು ವೇಷ ಹಾಕಿ ಮನೆಮನೆಗೆ ಮಿಠಾಯಿಗೆ ತಿರುಗುವ ಹಬ್ಬವಾಯಿತು. ನಮ್ಮಲ್ಲಿ ಪಿತೃಗಳಿಗೆ ಮಹಾಲಯದ ಅಮಾವಾಸ್ಯೆಯಿದೆ. ಆದರೆ ಅವರಿಗೆ ನಾವು ಎಡೆಯಿಡುತ್ತೇವೆಯೇ ಹೊರತು ಅವರ ಹೆಸರಿನಲ್ಲಿ ಆಟವಾಡುವುದಿಲ್ಲ. ವೇಷದ ಹುಚ್ಚಿಗೆ ನಾವು ಬೇರೆ ದಿನವನ್ನು ಇಟ್ಟುಕೊಂಡಿದ್ದೇವೆ. ಬಾಗಲಕೋಟೆಯ ಹೋಳಿಯಲ್ಲಿ ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆಗಳವರು ಹಲಗಿಯ ನಾದದೊಡನೆ ಹೊರಡಿಸುವ ಸೋಗಿನ ಬಂಡಿಗಳನ್ನು ಕಂಡವನು ಹ್ಯಾಲೊವೀನಿನ ವೇಷಗಳನ್ನು ಕಂಡು ಬೆರಗಾಗಬೇಕಾದದ್ದಿಲ್ಲ. ಕುಂಬಳಕಾಯಿಗೆ ರಾಕ್ಷಸನ ಮುಖ ಬರೆಯುವ ಪದ್ಧತಿಯೂ ನಮ್ಮಲ್ಲಿ ಇಲ್ಲದ್ದೇನಲ್ಲ; ಕಟ್ಟುತ್ತಿರುವ ಹೊಸ ಮನೆಯ ಮುಂದೆ ದೃಷ್ಟಿಗೆಂದು ತೂಗುಬಿಟ್ಟ ಬೂದುಗುಂಬಳವನ್ನು ನೋಡಿದರಾಯಿತು. ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆಗಳಿಗಂತೂ ಒಂದು ವಿಚಿತ್ರ ಯೋಗ ಕೂಡಿಬಂದಿದೆ: ಹುಡುಗರು ರಾತ್ರಿ ಪ್ರೇತಗಳಾಗಿ ತಿರುಗಿ ಬಂದು ಮಲಗಿ, ಬೆಳಗಾಗೆದ್ದರೆ ನವೆಂಬರ್ ಒಂದು, ರಾಜ್ಯೋತ್ಸವ.

ಭಯವನ್ನು ಬಯಸಿ ಹೋಗುವುದರ ಮರ್ಮವೇನೆಂದು ನಮ್ಮ ಆಲಂಕಾರಿಕರು ಬಹು ಹಿಂದೆಯೇ ವಿಚಾರ ಮಾಡಿದ್ದಾರೆ. ಭರತಮುನಿಯು ಭಯಾನಕವನ್ನು ಎಂಟು ರಸಗಳಲ್ಲಿ ಒಂದೆಂದು ಎಣಿಸಿ, ಅದಕ್ಕೆ ಕಪ್ಪು ಬಣ್ಣವನ್ನೂ ಕಾಲನೆಂಬ ಅಧಿದೇವತೆಯನ್ನೂ ಹೇಳಿದನು. ಶೂನ್ಯಗೃಹ, ಅರಣ್ಯ, ವಿಕೃತವಾದ ಧ್ವನಿ, ಪಿಶಾಚಾದಿಗಳ ದರ್ಶನ, ಇವು ಅದರ ವಿಭಾವಗಳು. ಜಾತ್ರೆಯ ಡೇರೆಯವನು ನಾಟ್ಯಶಾಸ್ತ್ರವನ್ನು ಓದಿದವನಲ್ಲವಾದರೂ ಈ ಪಟ್ಟಿಯಲ್ಲಿ ಒಂದನ್ನೂ ಬಿಟ್ಟಿಲ್ಲ. ಲೌಕಿಕವಾದ ಭಯವು ದುಃಖಕರವಾಗಿರಲು, ರಂಗದ ಭಯವು ಆಸ್ವಾದ್ಯವಾಗುವುದು ಹೇಗೆ? ನೋಡುವವನಿಗೆ ಅದು ‘ನನ್ನದು’ ಎಂಬ ಸ್ವಂತದ ಅಂಟಿಲ್ಲದೆ ಸಾಧಾರಣೀಕೃತವಾಗಿರುವುದರಿಂದ ಎಂದು ಅಭಿನವಗುಪ್ತನ ಪರಂಪರೆಯವರು ಸಮಾಧಾನ ಕೊಡುತ್ತಾರೆ. ಇದು ರಂಗದ ಮುಂದೆ ಕುಳಿತವನಿಗೆ ಸಲ್ಲುವ ಮಾತು. ಡೇರೆಯೊಳಕ್ಕೆ ಕಾಲಿಟ್ಟವನು ಸಹೃದಯನೂ ಹೌದು, ಪಾತ್ರಧಾರಿಯೂ ಹೌದು. ಒದ್ದೆ ನೂಲು ತಾಕುವುದು ಅವನದೇ ಕೆನ್ನೆಗೆ. ಅವನಿಗೆ ಸಾಧಾರಣೀಕರಣದ ಕೆಲಸವನ್ನು ಮಾಡಿಕೊಡುವುದು, ನನ್ನ ಅಲ್ಪಮತಿಗೆ ತೋರುವಂತೆ, ಎರಡು ನಿಮಿಷದಲ್ಲಿ ಆಚೆಯ ತುದಿಯಿಂದ ಮಿರ್ಚಿ ಭಜಿಯ ಅಂಗಡಿಯ ಮುಂದೆ ಹೊರಬೀಳುವೆನೆಂಬ ಜ್ಞಾನ.

ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದವರು ಇದನ್ನು ಅಳೆದೂ ನೋಡಿದ್ದಾರೆ. ವೈಲೆ ಎಂಬ ಊರಿನ ಭೂತಗೃಹವೊಂದಕ್ಕೆ ಹೋದ 110 ಮಂದಿಯ ಎದೆಬಡಿತವನ್ನು ಯಂತ್ರದಿಂದ ದಾಖಲಿಸಿ, ಅವರಿಗಾದ ಆನಂದವನ್ನು ಕೇಳಿ ಬರೆದುಕೊಂಡು, 2020ರಲ್ಲಿ ಪ್ರಕಟಿಸಿದ ಅವರ ನಿರ್ಣಯವೇನೆಂದರೆ, ಭಯ ಹೆಚ್ಚಿದಂತೆಲ್ಲ ಸುಖ ಹೆಚ್ಚುತ್ತ ಹೋಗುವುದಿಲ್ಲ. ಒಂದು ಮಟ್ಟದವರೆಗೆ ಏರಿ, ಅಲ್ಲಿಂದ ಮುಂದೆ ಇಳಿಯುತ್ತದೆ. ನಮ್ಮ ಅಡುಗೆಮನೆಯಲ್ಲಿ ಖಾರ ಹಾಕುವವರಿಗೆ ಇದು ಹೊಸ ಸಂಗತಿಯೆನಿಸದು.

ಬೀಗದ ಕೋಣೆಯ ಧರ್ಮ ಇದಕ್ಕಿಂತ ಭಿನ್ನವಾದುದು. ಅಲ್ಲಿ ಹೆದರಿಸುವವರಿಲ್ಲ, ಕಾಲವೇ ಹೆದರಿಸುತ್ತದೆ. ಜಪಾನಿನ ಕ್ಯೋಟೋ ನಗರದಲ್ಲಿ 2007ರಲ್ಲಿ ತಕಾವೊ ಕಾಟೊ ಎಂಬವರು, ಗಣಕಯಂತ್ರದ ಪರದೆಯ ಮೇಲೆ ಆಡುತ್ತಿದ್ದ ತಪ್ಪಿಸಿಕೊಳ್ಳುವ ಆಟವನ್ನು ನಿಜವಾದ ಕೋಣೆಗೆ ತಂದರು. 2011ರಲ್ಲಿ ಬುಡಾಪೆಸ್ಟಿನಲ್ಲಿ ಆರಂಭವಾದದ್ದು ಯೂರೋಪಿಗೆಲ್ಲ ಹಬ್ಬಿತು. ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಕೋರಮಂಗಲ ಮೊದಲಾದ ಬಡಾವಣೆಗಳಲ್ಲಿಯೂ ಇಂಥ ಕೋಣೆಗಳು ತೆರೆದುವು. ಕ್ರಮ ಸರಳ: ನಾಲ್ಕಾರು ಜನರನ್ನು ಒಂದು ಕೋಣೆಗೆ ಬಿಟ್ಟು ಬಾಗಿಲು ಮುಚ್ಚುತ್ತಾರೆ, ಗೋಡೆಯ ಮೇಲೆ ಗಡಿಯಾರವೊಂದು ಅರುವತ್ತು ನಿಮಿಷದಿಂದ ಕೆಳಕ್ಕೆ ಎಣಿಸತೊಡಗುತ್ತದೆ, ಕೋಣೆಯಲ್ಲಿ ಹರಡಿರುವ ಪುಸ್ತಕ, ಚಿತ್ರಪಟ, ಪೆಟ್ಟಿಗೆ, ಅಂಕಿಯ ಬೀಗಗಳಲ್ಲಿ ಒಂದರ ಗುಟ್ಟು ಇನ್ನೊಂದರಲ್ಲಿ ಅಡಗಿದ್ದು, ಸರಪಳಿಯನ್ನು ಕೊಂಡಿಕೊಂಡಿಯಾಗಿ ಬಿಡಿಸಿಕೊಂಡು ಹೋದರೆ ಕೊನೆಯಲ್ಲಿ ಬಾಗಿಲು ತೆರೆಯುತ್ತದೆ. ಕ್ಯಾಮೆರಾದ ಮೂಲಕ ಎಲ್ಲವನ್ನೂ ನೋಡುತ್ತಿರುವ ಆಟದ ಯಜಮಾನನು, ಆಡುವವರು ತೀರ ಕಂಗೆಟ್ಟಾಗ ಒಂದು ಸುಳುಹನ್ನು ದಯಪಾಲಿಸುತ್ತಾನೆ. ಆತನ ವಿವೇಕವೆಲ್ಲ ಇರುವುದು ಆ ಸುಳುಹನ್ನು ಯಾವಾಗ ಕೊಡಬೇಕೆಂಬುದರಲ್ಲಿ; ಬೇಗ ಕೊಟ್ಟರೆ ಆಟ ಸಪ್ಪೆ, ತಡವಾದರೆ ಆಡುವವರ ಮನಸ್ಸು ಮುರಿಯುತ್ತದೆ.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ, ಇಳಕಲ್ಲಿನ ನಮ್ಮ ಅಣ್ಣನ ಮಗನೂ ಅವನ ಗೆಳೆಯರೂ ನನ್ನನ್ನು ಒಮ್ಮೆ ಇಂಥ ಕೋಣೆಗೆ ಕರೆದೊಯ್ದರು. “ಕಾಕಾ, ಹೊಸ್ತಿಲದಾಗ ನಿಂದರಬ್ಯಾಡ್ರಿ, ಟೈಮ್ ಶುರು ಆಗೇತಿ” ಎಂಬ ಅವಸರದ ನಡುವೆ ಎಲ್ಲರೂ ಪುಸ್ತಕದ ಕಪಾಟಿನ ಮೇಲೆ ಮುಗಿಬಿದ್ದಿರಲು, ಆ ತಂಡದಲ್ಲಿದ್ದ ಇಳಕಲ್ಲಿನ ಮಗ್ಗದ ಮನೆಯ ಹುಡುಗಿಯೊಬ್ಬಳು ಮಾತ್ರ ನೆಲದ ಮೇಲೆ ಹಾಸಿದ್ದ ಜಮಖಾನೆಯ ಅಂಚನ್ನು ಬೆರಳಿನಿಂದ ಎಣಿಸುತ್ತ ಕುಳಿತಳು. ಗೋಮಿ, ಚಿಕ್ಕಿ ಪರಾಸಗಳ ದಡಿಯಲ್ಲಿ ಒಂದು ಎಳೆ ತಪ್ಪಿದರೂ ಸೀರೆ ಕೆಟ್ಟಿತೆಂಬ ಶಿಕ್ಷಣದಲ್ಲಿ ಬೆಳೆದ ಕಣ್ಣಿಗೆ, ಆ ಅಂಚಿನ ವಿನ್ಯಾಸ ಒಂದೆಡೆ ಮೂರಾಗಿ, ಇನ್ನೊಂದೆಡೆ ಏಳಾಗಿ, ಮತ್ತೊಂದೆಡೆ ನಾಲ್ಕಾಗಿ ಒಡೆದಿರುವುದು ಸಹಜವಾಗಿಯೇ ಚುಚ್ಚಿತು. ಆ ಅಂಕಿಗಳನ್ನು ತಿರುವಿದೊಡನೆ ಬೀಗ ಕಳಚಿಬಿತ್ತು. ಇಂಥ ಕೋಣೆಗಳಲ್ಲಿ ಬುದ್ಧಿವಂತಿಕೆಗಿಂತ ಹೆಚ್ಚಾಗಿ ಒಬ್ಬೊಬ್ಬರ ಹುಟ್ಟಿನ ಮನೆಯ ಅಭ್ಯಾಸವೇ ಕೈಹಿಡಿಯುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಬೀಗದ ಕೋಣೆಯ ಆದಿಕಥೆಯನ್ನು ಹುಡುಕಿ ಜಪಾನಿಗೆ ಹೋಗಬೇಕಾದದ್ದಿಲ್ಲ. ಮಹಾಭಾರತದ ಆದಿಪರ್ವದಲ್ಲಿಯೇ ಅದು ಸಾಂಗವಾಗಿದೆ. ವಾರಣಾವತದ ಅರಗಿನ ಮನೆಯಲ್ಲಿ ತಾಯಿಯ ಸಹಿತ ಪಾಂಡವರನ್ನು ಕೂಡಿಟ್ಟವನು ದುರ್ಯೋಧನ. ಹೊರಗಿನಿಂದ ಕಾಯುವವನು ಪುರೋಚನ. ಹೊರಡುವ ಮುನ್ನವೇ ಬೇರೆಯವರಿಗೆ ತಿಳಿಯದ ಮಾತಿನಲ್ಲಿ, ಬಿಲದಲ್ಲಿ ಅಡಗಿದ ಪ್ರಾಣಿಯನ್ನು ಕಾಡುಗಿಚ್ಚು ಸುಡಲಾರದೆಂಬ ಸುಳುಹನ್ನು ಕೊಟ್ಟವನು ವಿದುರ. ಒಳಗಿನಿಂದ ಸುರಂಗ ತೋಡಿದವನು ಆತ ಕಳುಹಿಸಿದ ಗಣಿಕಾರ. ಆಟಕ್ಕೆ ಬೇಕಾದ ಸರ್ವಾಂಗಗಳೂ ಇಲ್ಲಿವೆ. ಆದರೆ ಈ ಕಥೆಯನ್ನು ರಂಜಕವಾಗಿ ಹೇಳಿ ಮುಗಿಸುವವರು ಬಿಟ್ಟುಬಿಡುವ ಒಂದು ಭಾಗವುಂಟು. ಆ ರಾತ್ರಿ ಅನ್ನಕ್ಕೆಂದು ಬಂದು, ಉಂಡು, ಅಲ್ಲಿಯೇ ಮೈಮರೆತು ಮಲಗಿದ್ದ ನಿಷಾದಸ್ತ್ರೀಯೂ ಅವಳ ಐವರು ಮಕ್ಕಳೂ ಆ ಮನೆಯಲ್ಲಿ ಬೆಂದುಹೋದರು. ಆ ದೇಹಗಳನ್ನು ಕಂಡೇ ಊರವರು ಪಾಂಡವರು ಸತ್ತರೆಂದು ನಂಬಿದ್ದು. ಆರು ಮಂದಿಗೆ ಸುಳುಹೂ ಇತ್ತು, ಸುರಂಗವೂ ಇತ್ತು. ಇನ್ನಾರು ಮಂದಿಗೆ ಅದು ಆಟವೆಂದಾಗಲಿ ಬೋನೆಂದಾಗಲಿ ಹೇಳಿದವರೇ ಇರಲಿಲ್ಲ.

ದುರ್ಯೋಧನನಿಗೂ ಇದರ ಪ್ರತಿಫಲ ಬೇರೊಂದು ಬಗೆಯಲ್ಲಿ ದೊರೆಯಿತೆನ್ನಬೇಕು. ಮಯನು ಕಟ್ಟಿದ ಸಭೆಯಲ್ಲಿ ಸ್ಫಟಿಕದ ನೆಲವನ್ನು ನೀರೆಂದೂ ನೀರನ್ನು ನೆಲವೆಂದೂ ಭ್ರಮಿಸಿ ಬಿದ್ದು, ಆ ನಗೆಯ ಉರಿಯನ್ನು ಎದೆಯಲ್ಲಿ ಹೊತ್ತು ಮರಳಿದವನು, ಮುಂದೆ ಎಲ್ಲವನ್ನೂ ಕಳೆದುಕೊಂಡು ಹೆಣಗಳ ನಡುವೆ ರಣಭೂಮಿಯಲ್ಲಿ ನಡೆಯುವಾಗ, ಅಲ್ಲಿಯ ಮರುಳುಗಳು ಸಹ ಅವನನ್ನು ಹಂಗಿಸುವಂತೆ ಚಿತ್ರಿಸಿದವನು ಇದೇ ಜಿಲ್ಲೆಯ ಮುಧೋಳದ ಕವಿಚಕ್ರವರ್ತಿ ರನ್ನ. ಗದಾಯುದ್ಧದ ಆ ಭಾಗವನ್ನು ಓದುವಾಗ ಭಯಾನಕವೂ ಬೀಭತ್ಸವೂ ಕರುಣವೂ ಒಂದರೊಳಗೊಂದು ಬೆರೆತು, ಯಾವುದಕ್ಕೆ ಮೈ ಜುಮ್ಮೆಂದಿತೆಂದು ಬೇರ್ಪಡಿಸಿ ಹೇಳಲಾಗದು. ಅದೇ ಧಾರೆ ನಮ್ಮ ಕಾಲಕ್ಕೆ ಹುನಗುಂದ ಸೀಮೆಯ ಕಂದಗಲ್ಲಿನ ಹನುಮಂತರಾಯರ ‘ರಕ್ತರಾತ್ರಿ’ಯಾಗಿ ಹರಿಯಿತು, ಈಗಲೂ ಹಳ್ಳಿಗಳ ಹವ್ಯಾಸಿ ತಂಡಗಳು ಅದನ್ನು ಆಡಿದರೆ, ಅಶ್ವತ್ಥಾಮನ ಮಾತಿಗೆ ನಿದ್ದೆಗಣ್ಣಿನ ಮಕ್ಕಳು ಎದ್ದು ಕೂರುತ್ತಾರೆ.

ಮುಚ್ಚಿದ ಬಾಗಿಲನ್ನು ಮಾತಿನಿಂದ ತೆರೆಯಿಸುವ ಆಟವಂತೂ ಈ ಕಡೆಯ ಪ್ರತಿಯೊಂದು ಮನೆಯಲ್ಲಿಯೂ ನಡೆಯುತ್ತದೆ. ಮದುವೆಯಾಗಿ ಬಂದ ಹೊಸ ಸೊಸೆ ಹೊಸ್ತಿಲ ಬಳಿ ನಿಂತಿರುವಾಗ ನಾದಿನಿಯರು ಬಾಗಿಲಿಗೆ ಅಡ್ಡ ಕಟ್ಟಿ, ಗಂಡನ ಹೆಸರನ್ನು ಒಡಪಿನಲ್ಲಿ ಹೆಣೆದು ಹೇಳುವವರೆಗೆ ಒಳಗೆ ಬಿಡುವುದಿಲ್ಲ. ಸುಮ್ಮನೆ ಹೆಸರು ಹೇಳಿದರೆ ನಡೆಯದು, ಪ್ರಾಸ ಕೂಡಬೇಕು; ಹಳೆಯ ಒಡಪು ಹೇಳಿದರೆ, ಇದು ನಮಗೂ ಬರುತ್ತದೆಂದು ತಿರಸ್ಕರಿಸುವ ಹಿರಿಯ ಅತ್ತಿಗೆಯೊಬ್ಬಳು ಯಾವಾಗಲೂ ಅಲ್ಲಿರುತ್ತಾಳೆ; ಹಿಂದಿನಿಂದ ಕಿವಿಯಲ್ಲಿ ಸುಳುಹು ಉಸುರುವ ಸೋದರತ್ತೆಯೂ ಇರುತ್ತಾಳೆ. ಬೆಂಗಳೂರಿನ ಕೋಣೆಯಲ್ಲಿ ಹೊರಕ್ಕೆ ಬರಲು ಪಡುವ ಪಾಡನ್ನು ಇಲ್ಲಿ ಒಳಕ್ಕೆ ಹೋಗಲು ಪಡುತ್ತಾರೆ, ಅಷ್ಟೇ.

ಇನ್ನು ವಿನೋದಕ್ಕಾಗಿ ಅಲ್ಲದೆ, ಕೊಲ್ಲುವುದಕ್ಕಾಗಿಯೇ ರಚಿತವಾದ ಚಕ್ರವ್ಯೂಹವನ್ನು ನೋಡಬೇಕೆನ್ನುವವರು ಬಾದಾಮಿಯ ವಸ್ತುಸಂಗ್ರಹಾಲಯದ ಹಿಂದಿನಿಂದ ಬಾವನ್‌ಬಂಡೆ ಕೋಟೆಗೆ ಏರಬೇಕು. ಆಳೆತ್ತರದ ಹಲವು ಮಡಿ ಎದ್ದುನಿಂತ ಕೆಂಪು ಮರಳುಗಲ್ಲಿನ ಎರಡು ಗೋಡೆಗಳ ನಡುವೆ, ಕೈಚಾಚಿದರೆ ಎರಡು ಕಡೆಯೂ ತಾಕುವಷ್ಟು ಇಕ್ಕಟ್ಟಾದ ಕಂದರದಲ್ಲಿ ದಾರಿ ಸುತ್ತಿ ಸುತ್ತಿ ಹೋಗುತ್ತದೆ. ತಿರುವಿನಲ್ಲಿ ಕಮಾನಿನ ಬಾಗಿಲು. ಬಾಗಿಲು ದಾಟಿದರೆ ಮತ್ತೆ ಬಂಡೆ, ಆಕಾಶದ ಒಂದು ಸೀಳು. ಜಾತ್ರೆಯ ಡೇರೆಯವನ ಸೂತ್ರವೇ ಇಲ್ಲಿಯದೂ, ಮುಂದಿನದು ಕಾಣಕೂಡದು. ಶತ್ರುವು ಒಬ್ಬೊಬ್ಬನಾಗಿಯೇ ಬರಬೇಕು, ಬಂದವನ ತಲೆಯ ಮೇಲೆ ಕಲ್ಲುರುಳಿಸುವವನು ಅವನ ಕಣ್ಣಿಗೆ ಬೀಳಬಾರದು. ಒಂದನೆಯ ಪುಲಕೇಶಿಯು 543ರಲ್ಲಿ ಈ ಬೆಟ್ಟವನ್ನು ಭದ್ರಪಡಿಸಿದಾಗಿನಿಂದ, 1786ರಲ್ಲಿ ಮರಾಠರೂ ನಿಜಾಮನವರೂ ಕೂಡಿ ಮುತ್ತಿಗೆ ಹಾಕಿ ಟೀಪುವಿನ ಪಡೆಯಿಂದ ಇದನ್ನು ಕಿತ್ತುಕೊಂಡ ತನಕ, ಈ ಓಣಿ ಎಷ್ಟು ಜನರಿಗೆ ಕೊನೆಯ ದಾರಿಯಾಯಿತೋ! ಈಗ ಅಲ್ಲಿ ಶಾಲೆಯ ಮಕ್ಕಳು ಕೂಗಿ ಪ್ರತಿಧ್ವನಿ ಕೇಳುತ್ತಾರೆ, ಕೋತಿಗಳು ಅವರ ಡಬ್ಬಿಗೆ ಹೊಂಚು ಹಾಕುತ್ತವೆ. ಕೆಳಗೆ ಅಗಸ್ತ್ಯತೀರ್ಥ. ಇಲ್ವಲನು ತಮ್ಮನಾದ ವಾತಾಪಿಯನ್ನೇ ಟಗರಾಗಿ ಅಡಿಗೆ ಮಾಡಿ ಅತಿಥಿಗೆ ಬಡಿಸಿ, ಊಟವಾದ ಮೇಲೆ ಹೆಸರು ಹಿಡಿದು ಕರೆದು, ಹೊಟ್ಟೆ ಸೀಳಿ ಹೊರಬರಿಸುತ್ತಿದ್ದನೆಂಬ ಕಥೆ ಈ ಊರಿನದು. ಅಗಸ್ತ್ಯನ ಜಠರದಲ್ಲಿ ವಾತಾಪಿಗೆ ಹೊರದಾರಿ ಸಿಕ್ಕಲಿಲ್ಲ. ತಪ್ಪಿಸಿಕೊಳ್ಳುವ ಆಟದಲ್ಲಿ ರಾಕ್ಷಸನು ಸೋತ ಕಥೆಯೆಂದು ಅದನ್ನು ಓದುವುದಕ್ಕೂ ಅಡ್ಡಿಯಿಲ್ಲ.

ಬಾಗಲಕೋಟೆಯ ವಿಷಯಕ್ಕೆ ಬಂದರೆ ಮಾತ್ರ ನನ್ನ ಹವ್ಯಾಸ ಹಿಂಜರಿಯುತ್ತದೆ. ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ಆಲಮಟ್ಟಿಯ ಅಣೆಕಟ್ಟು ಎದ್ದು, ಅದರ ಹಿನ್ನೀರು ಘಟಪ್ರಭೆಯ ಪಾತ್ರವನ್ನು ಹಿಡಿದು ಮೇಲೇರಿ ಹಳೆಯ ಪಟ್ಟಣದ ತಗ್ಗಿನ ಓಣಿಗಳಿಗೆ ನುಗ್ಗಿದಾಗ, ತಲೆಮಾರುಗಳಿಂದ ಬಾಳಿದ ಮನೆಗಳನ್ನು ಬಿಟ್ಟು ಜನ ನವನಗರದ ಸೆಕ್ಟರುಗಳಿಗೆ ಹೋದರು. ಬಾಗಿಲು ಚೌಕಟ್ಟುಗಳನ್ನೂ ತೊಲೆಗಳನ್ನೂ ಬಿಚ್ಚಿಕೊಂಡು ಹೋದ ಮೇಲೆ ಉಳಿದ ಗೋಡೆಗಳು, ಗೋಡೆಯಲ್ಲಿ ದೀಪದ ಗೂಡು, ಗೂಡಿನಲ್ಲಿ ಎಣ್ಣೆಯ ಕರೆ. ಭರತನು ಹೇಳಿದ ಶೂನ್ಯಗೃಹವೆಂಬುದು ಇದಕ್ಕಿಂತ ಯಥಾರ್ಥವಾಗಿ ದೊರೆಯಲಾರದು. ಪಾಳು ಮನೆ ಎಲ್ಲಿ ಕಂಡರೂ ಅಲ್ಲಿಗೆ ಇರುಳಿನಲ್ಲಿ ಮೊಬೈಲು ಹಿಡಿದು ಹೋಗಿ, ದೆವ್ವ ಕಂಡಿತೆಂದು ಉಸಿರುಗಟ್ಟಿ ಮಾತನಾಡಿ, ವಿಡಿಯೋ ಮಾಡಿ ಹಾಕುವ ತರುಣರು ಈಗ ಎಲ್ಲ ಕಡೆಯೂ ಇದ್ದಾರೆ. ಅವರ ಸಾಹಸದ ಮೇಲೆ ನನಗೆ ದ್ವೇಷವಿಲ್ಲ. ಆದರೆ ಇಂಥ ಮನೆಗಳ ಒಡೆಯರು ಸತ್ತು ದೆವ್ವವಾದವರಲ್ಲ; ಬದುಕಿದ್ದು, ನಾಲ್ಕಾರು ಕಿಲೋಮೀಟರು ಆಚೆಗೆ, ಸಂತೆಯ ದಿನ ತರಕಾರಿ ಚೀಲ ಹಿಡಿದು ಎದುರಾಗತಕ್ಕವರು. ಅವರು ಹಳೆಯ ಮನೆಯಿಂದ ಹೊರಬಿದ್ದದ್ದು ಒಗಟು ಬಿಡಿಸಿಯಲ್ಲ, ನೋಟೀಸು ಪಡೆದು. ಅಲ್ಲಿಗೆ ಚೀಟಿ ಇಟ್ಟು ಜನರನ್ನು ಬಿಡಬಹುದೆಂದು ಯಾರಾದರೂ ಸೂಚಿಸಿದರೆ, ಈ ಬಗೆಯ ವಿನೋದಕ್ಕೆ ನಾನು ಎಷ್ಟೇ ಪಕ್ಷಪಾತಿಯಾಗಿದ್ದರೂ, ವಿರೋಧವಾಗಿಯೇ ನಿಲ್ಲುವೆನು.

ಹೊರಬಾಗಿಲಿನ ವಿಷಯದಲ್ಲಿ ನಾನು ಇಷ್ಟು ಹಠ ಹಿಡಿಯುವುದಕ್ಕೆ ರಸಶಾಸ್ತ್ರವೊಂದೇ ಕಾರಣವಲ್ಲ. 1984ರ ಮೇ 11ರಂದು ಅಮೆರಿಕದ ನ್ಯೂ ಜೆರ್ಸಿಯ ಉದ್ಯಾನವೊಂದರ ಭೂತದ ಕೋಟೆಯಲ್ಲಿ ಬೆಂಕಿ ಹತ್ತಿ, ಎಂಟು ಮಂದಿ ಹದಿಹರೆಯದವರು ಆ ಕತ್ತಲೆಯ ಓಣಿಗಳಲ್ಲಿಯೇ ಸತ್ತರು. ಗೋಡೆಗೆ ಬಡಿದಿದ್ದ ಸ್ಪಂಜೇ ಉರುವಲಾಯಿತು. 2019ರ ಜನವರಿ 4ರಂದು ಪೋಲೆಂಡಿನ ಕೊಶಲಿನ್ ಎಂಬ ಊರಿನ ಬೀಗದ ಕೋಣೆಯಲ್ಲಿ, ಹುಟ್ಟುಹಬ್ಬ ಆಚರಿಸಲು ಹೋಗಿದ್ದ ಹದಿನೈದು ವರ್ಷದ ಐವರು ಹುಡುಗಿಯರು ಹೊಗೆಯಲ್ಲಿ ಸಿಕ್ಕಿ ಹೊರಬರಲಾರದೆ ಹೋದರು. 2024ರ ಮೇ ತಿಂಗಳಲ್ಲಿ ನಮ್ಮದೇ ದೇಶದ ರಾಜಕೋಟೆಯ ಆಟದ ಕೇಂದ್ರವೊಂದು ಹೊತ್ತಿ ಉರಿದು, ಮಕ್ಕಳನ್ನೂ ಒಳಗೊಂಡು 25ಕ್ಕೂ ಹೆಚ್ಚು ಜನ ಬಲಿಯಾದರು. ಅರಗಿನ ಮನೆಯನ್ನು ಕಟ್ಟುವುದಕ್ಕೆ ಪುರೋಚನನಂಥ ದುರುಳನೇ ಬೇಕೆಂದಿಲ್ಲ. ತಗಡು, ಸ್ಪಂಜು, ಜನರೇಟರು, ಒಂದೇ ಬಾಗಿಲು, ಇಷ್ಟನ್ನು ಅಲಕ್ಷ್ಯದಿಂದ ಕೂಡಿಸಿದರೆ ಸಾಕು.

ಆದಕಾರಣ ಈಗೀಗ ಚೀಟಿ ಕೊಳ್ಳುವ ಮೊದಲು ಡೇರೆಯ ಹಿಂಭಾಗಕ್ಕೆ ಒಂದು ಸುತ್ತು ಹೋಗಿ ಬರುವುದು ನನಗೆ ರೂಢಿಯಾಗಿದೆ. ಬನಶಂಕರಿಯಲ್ಲಿ ಹಾಗೆ ಇಣುಕಿ ನೋಡುತ್ತಿದ್ದವನನ್ನು ಡೇರೆಯ ಮಾಲೀಕನು ಪುಕ್ಕಟೆಯಾಗಿ ನುಸುಳಲು ಬಂದವನೆಂದು ತಿಳಿದು ತಡೆದನು. ಬೆಂಕಿ ಗಿಂಕಿ ಆದರೆ ಒಳಗಿನವರ ಗತಿಯೇನೆಂದು ನಾನು ಕೇಳಲು, ಆತ ಸಿಟ್ಟಾಗದೆ ಬಟ್ಟೆಯ ಬುಡವನ್ನು ಕಾಲಿನಿಂದ ಎತ್ತಿ ತೋರಿಸಿದನು. ಮೂರು ಕಡೆಯೂ ಅದನ್ನು ಗೂಟಕ್ಕೆ ಕಟ್ಟದೆ ಬರಿದೆ ಇಳಿಬಿಟ್ಟಿದ್ದರು. “ಅಂಜಿದಾಂವ ಬಂದ ದಾರೀಲೆ ಹೊಳ್ಳಿ ಹೋಗೂದಿಲ್ರಿ ಯಜಮಾನ್ರ, ಎಲ್ಲಿ ಬೆಳಕ ಕಾಣತೈತಿ ಅಲ್ಲೇ ನುಗ್ಗತಾನ. ಅದಕ್ಕ ಎಲ್ಲಾ ಕಡೆ ಬಿಚ್ಚೇ ಇಟ್ಟೀನಿ” ಎಂದು ಹೇಳಿ, ಈ ಮೂಲಕವೇ ಬಿಟ್ಟಿ ನುಸುಳುವ ಹುಡುಗರಿಂದ ದಿನಕ್ಕೆ ಎಷ್ಟು ನಷ್ಟವಾಗುತ್ತದೆಂಬ ಲೆಕ್ಕವನ್ನೂ ಒಪ್ಪಿಸಿದನು. ನಾನು ಮುಂದಕ್ಕೆ ಬಂದು ಚೀಟಿ ಕೊಂಡೆನು.